ಮೊದಲು ಕ್ರಿಯಾಪದ ಹುಡುಕಿ

ಯಾವ ಇಂಗ್ಲಿಷ್ ವ್ಯಾಕರಣ ಪುಸ್ತಕ ತೆರೆದರೂ ಒಂದು ಸಾಲು ಇದ್ದೇ ಇರುತ್ತದೆ: ಸಬ್ಜೆಕ್ಟ್ ಬಗ್ಗೆ ಏನು ಹೇಳುತ್ತೇವೋ ಅದೇ ಪ್ರೆಡಿಕೇಟ್. ಬಾಯಿಪಾಠ ಮಾಡೋದು ಸುಲಭ. ಆದರೆ ವಾಕ್ಯ ಸ್ವಲ್ಪ ಉದ್ದವಾದರೆ ಸಾಕು, ಎಲ್ಲಿ ಗೆರೆ ಎಳೆಯಬೇಕು ಅಂತ ತಿಳಿಯೋದಿಲ್ಲ. ನಮ್ಮ ಇಂಗ್ಲಿಷ್ ಮೇಷ್ಟ್ರು ಆ ಸಾಲನ್ನು ಬೋರ್ಡಿನ ಮೇಲೆ ಬರೆಯಲೇ ಇಲ್ಲ. ಬರೆದದ್ದು ಇದನ್ನು: 'ದ ಬಾಯ್ ಹೂ ಸ್ಯಾಟ್ ನಿಯರ್ ದ ವಿಂಡೋ ಬ್ರೋಕ್ ದ ಚೇರ್.'

"ಮೊದಲು ಕ್ರಿಯಾಪದ ಹುಡುಕಿ" ಅಂದರು. ಎರಡು ಸಿಕ್ಕವು, 'ಸ್ಯಾಟ್' ಮತ್ತು 'ಬ್ರೋಕ್'. ಈ ವಾಕ್ಯ ಹೇಳೋಕೆ ಹೊರಟಿರೋದು ಕೂತ ವಿಷಯವೋ ಮುರಿದ ವಿಷಯವೋ? ಮುರಿದದ್ದು. ಹಾಗಾದರೆ ಮುರಿದದ್ದು ಯಾರು? ಕಿಟಕಿ ಹತ್ತಿರ ಕೂತಿದ್ದ ಹುಡುಗ. ಅಷ್ಟೂ ಸೇರಿ ಸಬ್ಜೆಕ್ಟ್, ಯಾಕಂದರೆ ಕೂತ ಮಾತು ಬಂದಿರೋದು ಯಾವ ಹುಡುಗ ಅಂತ ಗುರುತು ಹೇಳೋದಕ್ಕೆ ಮಾತ್ರ. 'ಬ್ರೋಕ್ ದ ಚೇರ್' ಪ್ರೆಡಿಕೇಟ್. ಈ ಒಂದು ವಾಕ್ಯಕ್ಕೆ ಪೂರ್ತಿ ಪೀರಿಯಡ್ ಹೋಯಿತು, ಹೋಗಿದ್ದು ಸಾರ್ಥಕ.

ಆಮೇಲಿನದ್ದೆಲ್ಲ ಬೇಗ ಬೇಗ ಬಂತು. 'ಹಿಯರ್ ಕಮ್ಸ್ ದ ಬಸ್' ಅನ್ನೋದರಲ್ಲಿ ಪ್ರೆಡಿಕೇಟ್ ಮುಂದೆ, ಸಬ್ಜೆಕ್ಟ್ ಹಿಂದೆ. 'ಕ್ಲೋಸ್ ದ ಡೋರ್' ಅಂದರೆ ಕಾಣೋದೆಲ್ಲ ಪ್ರೆಡಿಕೇಟೇ, 'ಯೂ' ಒಳಗೆ ಅಡಗಿದೆ.

ಮೇಷ್ಟ್ರು ಕನ್ನಡವನ್ನು ಕ್ಲಾಸಿನಿಂದ ಹೊರಗಿಡಲಿಲ್ಲ, ನನಗೆ ಅವರ ಮೇಲೆ ಪ್ರೀತಿ ಹೆಚ್ಚಲು ಅದೇ ಕಾರಣ. ನಾವು 'ಬಂದೆನು' ಅಂದರೆ ಬಂದದ್ದು ನಾನು ಅಂತ ಆ ಪದವೇ ಹೇಳುತ್ತದೆ, 'ಬಂದಳು' ಅಂದರೆ ಹೆಣ್ಣು ಅಂತಲೂ ಗೊತ್ತಾಗುತ್ತದೆ. 'ಕೇಮ್' ಇದ್ಯಾವುದನ್ನೂ ಹೇಳೋದಿಲ್ಲ, ಅದಕ್ಕೇ ಅಲ್ಲಿ 'ಐ', 'ಶೀ' ಬಿಟ್ಟರೆ ನಡೆಯೋದಿಲ್ಲ. 'ಅವಳು ಡಾಕ್ಟರ್' ಕನ್ನಡದಲ್ಲಿ ಪೂರ್ತಿ ವಾಕ್ಯ, ಆದರೆ ಇಂಗ್ಲಿಷಿನಲ್ಲಿ 'ಈಸ್' ಇಲ್ಲದೆ ಪ್ರೆಡಿಕೇಟೇ ಆಗಲ್ಲ. ಮನೆಯಲ್ಲಿ ಕನ್ನಡ ಮಾತಾಡೋ ಮಕ್ಕಳು 'ಈಸ್' ಬಿಡೋದು ದಡ್ಡತನದಿಂದಲ್ಲ, ತಮ್ಮ ಭಾಷೆಯ ನಿಯಮ ಚೆನ್ನಾಗಿ ಗೊತ್ತಿರೋದರಿಂದ. ಇದನ್ನು ಯಾರಾದರೂ ಬಿಡಿಸಿ ಹೇಳಬೇಕು, ಅಲ್ವಾ?

ಸರ್ವನಾಮದ ಪಾಠ ಇನ್ನೂ ಚೆನ್ನಾಗಿತ್ತು. ಒಂದೊಂದು ಪ್ರೊನೌನ್‌ಗೂ ಸುತ್ತು ಹಾಕಿ, ಅದು ಯಾರ ಬದಲಿಗೆ ಬಂದಿದೆಯೋ ಆ ಹೆಸರಿಗೆ ಬಾಣ ಎಳೆಯಬೇಕು. 'ರವಿ ಟೋಲ್ಡ್ ಸುರೇಶ್ ದಟ್ ಹಿಸ್ ಬುಕ್ ವಾಸ್ ಲಾಸ್ಟ್.' ಬಾಣ ಇಬ್ಬರ ಕಡೆಗೂ ಹೋಗುತ್ತದೆ! 'ತನ್ನ ಪುಸ್ತಕ ಕಳೆದುಹೋಗಿದೆ ಅಂತ ರವಿ ಸುರೇಶನಿಗೆ ಹೇಳಿದ' ಅಂದರೆ ನಮಗೆ ಗೊಂದಲವೇ ಇಲ್ಲ, ಪುಸ್ತಕ ರವಿಯದು. ಇಂಗ್ಲಿಷಿನ 'ಹಿಸ್' ಒಂದೇ 'ತನ್ನ', 'ಅವನ' ಎರಡರ ಕೆಲಸವನ್ನೂ ಮಾಡಬೇಕು. ಬಾಣ ಎರಡು ಕಡೆ ಹೋದರೆ ಹೆಸರನ್ನೇ ಮತ್ತೆ ಬರೆಯಿರಿ, ಇಲ್ಲವೇ ವಾಕ್ಯ ಬದಲಿಸಿ ಅನ್ನುತ್ತಿದ್ದರು. ಆಫೀಸಿನಲ್ಲಿ ಪತ್ರ ಬರೆಯುವಾಗ ನಾನು ಇವತ್ತಿಗೂ ಹಾಗೇ ಮಾಡುತ್ತೇನೆ.

'ಐ' ಬೇಕೋ 'ಮಿ' ಬೇಕೋ ಅನ್ನೋದಕ್ಕೆ ಅವರ ಉಪಾಯ ಇನ್ನೂ ಸರಳ. 'ಸರ್ ಕಾಲ್ಡ್ ರವಿ ಅಂಡ್' ಅಂತ ಬರೆದು ನಿಂತಿದ್ದೀರಾ? 'ರವಿ ಅಂಡ್' ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಜೋರಾಗಿ ಓದಿ. 'ಸರ್ ಕಾಲ್ಡ್ ಐ' ಅಂತ ಯಾರೂ ಅನ್ನೋದಿಲ್ಲ, 'ಮಿ' ತಾನಾಗೇ ಬಾಯಿಗೆ ಬರುತ್ತದೆ.