ಡಿಸೈನಲ್ಲೂ ಪಿಎಚ್‌ಡಿ ಇದ್ಯಾ?

ಶಿಡ್ಲಘಟ್ಟದಲ್ಲಿ ಯಾವ ಮದುವೆಗೆ ಹೋಗಿ ಪಂಕ್ತಿಲಿ ಕೂತ್ರೂ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಏನಮ್ಮಾ, ಇನ್ನೂ ಓದ್ತಾನೇ ಇದೀಯಂತೆ, ಡಿಸೈನ್ ಅಂತೆ, ಅದ್ರಲ್ಲಿ ಪಿಎಚ್‌ಡಿ ಮಾಡಕ್ಕೆ ಏನಿದೆ?" ಅಷ್ಟರಲ್ಲಿ ಪಕ್ಕದ ಚಿಕ್ಕಮ್ಮ ಬ್ಲೌಸಿನ ಬೆನ್ನು ತಿರುಗಿಸಿ "ಈ ಡಿಸೈನ್ ಹೆಂಗಿದೆ ನೋಡೇ" ಅಂತಾರೆ. ಪಾಯಸ ಬರೋದ್ರೊಳಗೆ ಹೇಳಿ ಮುಗಿಸೋ ಉತ್ತರ ಅಲ್ಲ ಇದು, ಅದಕ್ಕೇ ಇಲ್ಲಿ ಬರೀತಿದೀನಿ.

ನಮ್ಮನೇಲಿ ರೇಷ್ಮೆ ಹುಳ ಮೇಯಿಸ್ತಾರೆ. ನಾಲ್ಕನೇ ಜ್ವರ (ಅಂದ್ರೆ ಪೊರೆ ಬಿಡೋದು) ಎದ್ದ ಹುಳ ಒಂದು ವಾರ ಸೊಪ್ಪು ತಿಂದು ಹಣ್ಣಾಗತ್ತೆ, ಮೈ ತಿಳಿಯಾಗಿ ಹೊಳೆಯತ್ತೆ, ಸೊಪ್ಪು ಮುಟ್ಟಲ್ಲ, ತಲೆ ಎತ್ತುತ್ತೆ. ಆಗ ಆರಿಸಿ ಆರಿಸಿ ಚಂದ್ರಿಕೆಗೆ ಬಿಡ್ಬೇಕು, ಅದೂ ಬೇಗ, ಯಾಕಂದ್ರೆ ಹುಳ ಯಾರಿಗೂ ಕಾಯಲ್ಲ. ಚಂದ್ರಿಕೆ ಅಂದ್ರೆ ಗೊತ್ತಲ್ಲ, ಹುಳ ಗೂಡು ಕಟ್ಲಿ ಅಂತ ಬಿದಿರಿನ ಚಾಪೆ ಮೇಲೆ ಬಿದಿರು ಪಟ್ಟಿನ ಸುತ್ತು ಸುತ್ತಾಗಿ ಕೂರಿಸಿರ್ತಾರಲ್ಲ, ಆರಡಿ ನಾಲ್ಕಡಿ, ಅದು. ಅಮ್ಮ ಅದನ್ನ ಎತ್ತಿ ಇಳಿಸಿ ಸೊಂಟ ಹಿಡ್ಕೊಂಡು ಕೂರೋದು ನೋಡಿ ನೋಡಿ ಬಿ.ಡಿಸ್ (ಡಿಸೈನ್ ಡಿಗ್ರಿ) ಮೂರನೇ ವರ್ಷದಲ್ಲಿ ನಾನು ಮಡಿಚೋ ಚಂದ್ರಿಕೆ ಮಾಡ್ದೆ, ಪ್ಲಾಸ್ಟಿಕ್ ಶೀಟಿಂದು, ಹಗುರ, ನೀಲಿ ಬಣ್ಣ, ಕಾಲೇಜಲ್ಲಿ ಕೆಲಸ ನೋಡಿ ಮಾರ್ಕ್ಸ್ ಕೊಡೋ ಜ್ಯೂರಿಲಿ ಎಲ್ರೂ ಹೊಗಳಿದ್ದೇ ಹೊಗಳಿದ್ದು.

ಊರಿಗೆ ತಂದು ಹುಳ ಬಿಟ್ವಿ. ಗೂಡು ಕಟ್ಟೋ ಮುಂಚೆ ಹುಳ ಕೊನೇಸಲ ಉಚ್ಚೆ ಹೊಯ್ಯತ್ತೆ, ಬಿದಿರಾದ್ರೆ ಅಷ್ಟೋ ಇಷ್ಟೋ ಹೀರ್ಕೊಳತ್ತೆ, ಗಾಳಿನೂ ಆಡತ್ತೆ. ನನ್ನ ಶೀಟಲ್ಲಿ ಎಲ್ಲ ಅಲ್ಲೇ ನಿಂತು ಗೂಡಿಗೆಲ್ಲ ಕಲೆ. ಮಾರ್ಕೆಟಲ್ಲಿ ಗೂಡಿಂದ ನೂಲು ತೆಗೆಯೋ ರೀಲರ್ ಒಬ್ರು ಒಂದು ಹಿಡಿ ಗೂಡು ಎತ್ತಿ ಕುಲುಕಿ, ಏನೂ ಮಾತಾಡ್ದೆ ಪಕ್ಕದ ಲಾಟ್‌ಗೆ ಹೋದ್ರು. ಅಮ್ಮ ಮನೆಗೆ ಬಂದು "ಚೆನ್ನಾಗೈತೆ ಬಿಡು, ಸಂಡಿಗೆ ಒಣಗಾಕಕ್ಕೆ ಆಗತ್ತೆ" ಅಂದ್ರು. ಇವತ್ತಿಗೂ ಸಂಡಿಗೆ ಅದರ ಮೇಲೇ.

ನೋಡಿ, ಬಿ.ಡಿಸ್ ನಾಲ್ಕು ವರ್ಷದಲ್ಲಿ ನಿಮಗೆ ಕೈ ಬರತ್ತೆ, ಗೆರೆ ಎಳೆಯೋದು, ಮರ ಕೊರೆಯೋದು, ಮಾಡೆಲ್ ಮಾಡೋದು, ಹತ್ತು ಜನರ ಮುಂದೆ ನಿಂತು ಬೈಸ್ಕೊಳ್ಳೋದು. ಎಂ.ಡಿಸ್ ಅಂದ್ರೆ ಡಿಸೈನಲ್ಲಿ ಮಾಸ್ಟರ್ಸ್, ಸುಮಾರು ಎರಡು ವರ್ಷ, ಎಂಜಿನಿಯರಿಂಗ್ ಮಾಡಿದವ್ರು, ಆರ್ಕಿಟೆಕ್ಚರ್ ಮಾಡಿದವ್ರು ಎಲ್ಲ ಬಂದು ಸೇರ್ತಾರೆ. ಅಲ್ಲಿ ನಾನು ಹೆಚ್ಚಿಗೆ ಕಲಿತಿದ್ದು ಒಂದೇ, ಸಾಮಾನು ಮಾಡೋ ಮುಂಚೆ ಕಷ್ಟ ಯಾರದು, ಎಲ್ಲಿದೆ ಅಂತ ಹುಡುಕೋದು. ಪಿಎಚ್‌ಡಿಲಿ ನಾನು ಹೊಸ ಚಂದ್ರಿಕೆ ಮಾಡ್ತಾನೇ ಇಲ್ಲ! ಹುಳ ಹಣ್ಣಾಗಿದ್ದನ್ನ ಹೆಂಗಸ್ರು ಯಾವುದ್ರಿಂದ ಗುರುತು ಹಿಡೀತಾರೆ, ಆ ಹೊತ್ತಲ್ಲಿ ಎಷ್ಟು ಸಲ ಬಗ್ತಾರೆ, ಬೆಳಕು ಕಮ್ಮಿ ಇದ್ರೆ ಎಷ್ಟು ಹಸಿ ಹುಳ ತಪ್ಪಿ ಬರತ್ತೆ, ಇದನ್ನೆಲ್ಲ ಕೂತು ನೋಡಿ, ಅಳೆದು, ಬರೆದಿಡೋದು, ನಾಳೆ ಇನ್ಯಾರೋ ನೀಲಿ ಶೀಟ್ ತರೋ ಮುಂಚೆ ಓದ್ಲಿ ಅಂತ.

ಇದೇನು ಹೊಸ ಹುಚ್ಚಲ್ಲ. 1958ರಲ್ಲಿ ಅಮೆರಿಕದ ಡಿಸೈನರ್ ಚಾರ್ಲ್ಸ್ ಈಮ್ಸ್, ರೇ ಈಮ್ಸ್ ದಂಪತಿ ನಮ್ಮ ಸರ್ಕಾರಕ್ಕೆ ಡಿಸೈನ್ ಬಗ್ಗೆ ಒಂದು ವರದಿ ಕೊಟ್ರು, ಈ ದೇಶದಲ್ಲಿ ತಾವು ನೋಡಿದ ವಸ್ತುಗಳಲ್ಲಿ ತುಂಬ ಮೆಚ್ಚಿದ್ದು ಅಂತ ಅದ್ರಲ್ಲಿ ಹೊಗಳಿದ್ದು ಯಾವುದನ್ನ ಗೊತ್ತಾ, ಚೊಂಬನ್ನ! ಕೈಗೆ ಹೆಂಗೆ ಕೂರತ್ತೆ, ತಲೆ ಮೇಲೆ ಹೊರ್ತಾರೋ ಸೊಂಟದಲ್ಲಿ ಇಟ್ಕೋತಾರೋ, ತುಂಬಿದಾಗ ತೂಕ ಯಾವ ಕಡೆ ವಾಲತ್ತೆ, ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ. (ನಾವು ಚೊಂಬು ಅಂದ್ರೆ ಯಾರೋ ಮೋಸ ಮಾಡಿದ್ರು ಅಂತ ಅಷ್ಟೇ ಅನ್ಕೋತೀವಿ.) ಆ ವರದಿ ಆದ್ಮೇಲೆ 1961ರಲ್ಲಿ ಅಹಮದಾಬಾದಲ್ಲಿ ಡಿಸೈನ್ ಕಲಿಸೋ ಸಂಸ್ಥೆ ಎನ್‌ಐಡಿ ಶುರುವಾಯ್ತು, 1969ರಲ್ಲಿ ಐಐಟಿ ಬಾಂಬೆಲಿ ಐಡಿಸಿ ಅನ್ನೋ ಡಿಸೈನ್ ವಿಭಾಗ. ಎನ್‌ಐಡಿದು ಒಂದು ಕ್ಯಾಂಪಸ್ ಬೆಂಗಳೂರಲ್ಲೇ, ತುಮಕೂರು ರೋಡ್ ಹತ್ರಾನೇ ಇದೆ, ಐಐಎಸ್‌ಸಿಲೂ ಡಿಸೈನ್ ವಿಭಾಗ ಇದೆ, ಅಲ್ಲಿ ಪಿಎಚ್‌ಡಿನೂ ಮಾಡ್ಬೋದು.

ದುಡ್ಡಿನ ಮಾತು ಯಾರೂ ನೇರ ಕೇಳಲ್ಲ, ಆದ್ರೆ ಮನಸಲ್ಲಿ ಅದೇ ಇರತ್ತೆ. ಪ್ರೈವೇಟ್ ಕಾಲೇಜಲ್ಲಿ ಬಿ.ಡಿಸ್‌ಗೆ ವರ್ಷಕ್ಕೆ ಲಕ್ಷಗಟ್ಲೆ ಫೀಸು, ಬ್ರೋಶರ್ ಹೊಳಪು ನೋಡಿ ಹೊಲ ಅಡ ಇಡ್ಬೇಡಿ. ಪಿಎಚ್‌ಡಿ ಉಲ್ಟಾ, ಐಐಟಿ, ಐಐಎಸ್‌ಸಿಯಂಥ ಕಡೆ ಅವರೇ ಫೆಲೋಶಿಪ್ ಕೊಡ್ತಾರೆ, 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಇದನ್ನ ಹೇಳಿದ್ಮೇಲೆ ಚಿಕ್ಕಪ್ಪ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದ್ರು.

ಇನ್ನೊಂದು, ಸೈನ್ಸೇ ತಗೋಬೇಕು ಅಂತೇನಿಲ್ಲ. ಐಐಟಿಗಳ ಬಿ.ಡಿಸ್‌ಗೆ ಬರೆಯೋ ಯುಸೀಡ್ ಪರೀಕ್ಷೆಗೆ ಕಾಮರ್ಸ್, ಆರ್ಟ್ಸ್ ಮಕ್ಕಳೂ ಕೂರ್ಬೋದು, ಒಂದು ಭಾಗ ಕಂಪ್ಯೂಟರಲ್ಲಿ, ಇನ್ನೊಂದು ಪೇಪರ್ ಮೇಲೆ ಬಿಡಿಸೋದು. ಎಂ.ಡಿಸ್‌ಗೆ ಸೀಡ್ ಅಂತ ಬೇರೆ ಪರೀಕ್ಷೆ. ಫಾರಂ ಅಕ್ಟೋಬರ್ ಹೊತ್ತಿಗೆ ಬರತ್ತೆ, ಪರೀಕ್ಷೆ ಜನವರಿಲಿ. ನಿಮ್ಮ ಹುಡುಗಿ ಈಗ ಸೆಕೆಂಡ್ ಪಿಯುಸಿ ಇದ್ರೆ ಕೋಚಿಂಗ್‌ಗೆ ಸೇರಿಸೋ ಮುಂಚೆ ಒಂದಿನ ನಿಮ್ಮ ಹುಳದ ಮನೇಲಿ ಕೂರಿಸಿ ಅಲ್ಲಿ ಕಂಡಿದ್ದನ್ನೆಲ್ಲ ಬಿಡಿಸು ಅನ್ನಿ, ಸಂಜೆ ತನಕ ಎದ್ದು ಬರದೇ ಇದ್ರೆ ನನಗೊಂದು ಫೋನ್ ಮಾಡಿ.