ಕವಲುಗೊಂಬಿದ್ದರೂ ಇದು ಜಿಂಕೆಯಲ್ಲವೇ?

ಆಫ್ರಿಕದಲ್ಲಿ ಬಾಳಿ ಅಳಿದುಹೋದ ಕ್ಲೈಮಕೋಸೆರಸ್ ಎಂಬ ಪ್ರಾಣಿಯ ಚಿತ್ರ ನೋಡಿದವರೆಲ್ಲ ಕೇಳುವುದು ಒಂದೇ: ‘ಕೊಂಬಿನ ತುಂಬ ಮುಳ್ಳಿನಂಥ ಕವಲು. ಆದರೂ ಜಿರಾಫೆಯ ನೆಂಟ ಅನ್ನುತ್ತೀರಲ್ಲ, ಹೇಗೆ?’

ಕೇಳಬೇಕಾದ ಪ್ರಶ್ನೆಯೇ. ಕೀನ್ಯಾದ ಮಬೋಕೊ ದ್ವೀಪದಲ್ಲಿ ಸಿಕ್ಕ, ಸುಮಾರು 1.5 ಕೋಟಿ ವರ್ಷ ಹಳೆಯ ಈ ಪ್ರಾಣಿಗೆ 1936ರಲ್ಲಿ ಹೆಸರಿಟ್ಟ ಪಳೆಯುಳಿಕೆ ತಜ್ಞ ಮ್ಯಾಕಿನ್ನೆಸ್ ಕೂಡ ಅದನ್ನು ಜಿಂಕೆಗಳ ಸಾಲಿಗೇ ಸೇರಿಸಿದ್ದರು.

ಮೊದಲು ಕೊಂಬಿನ ಬುಡ ನೋಡಬೇಕು. ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಉದುರಿ ಮತ್ತೆ ಬೆಳೆಯುತ್ತದೆ. ಬುಡದ ಸುತ್ತ ಗಂಟುಗಂಟಾದ ಬಳೆಯಿರುತ್ತದೆ. ಕ್ಲೈಮಕೋಸೆರಸ್‌ಗೆ ಆ ಬಳೆಯಿಲ್ಲ. ಆದರೆ ಇಷ್ಟಕ್ಕೇ ತೀರ್ಪು ಕೊಡಲಾಗದು: ಯುರೋಪಿನ ಪ್ರೊಸೆರ್ವುಲಸ್‌ನಂಥ ಆದಿಕಾಲದ ಜಿಂಕೆಗಳಿಗೂ ಸರಿಯಾದ ಬಳೆ ಇರಲಿಲ್ಲ.

ನಿಜವಾದ ಸಾಕ್ಷಿ ಒಂದು ಪುಟ್ಟ ಹಲ್ಲು. ಬಾಯಿಗೂಡಿದ ಎತ್ತಿನ ಕೆಳದವಡೆಯ ಮುಂದೆ ಎಂಟು ಹಲ್ಲು ಎಣಿಸುತ್ತೇವಲ್ಲ, ಅವುಗಳಲ್ಲಿ ಎರಡು ತುದಿಯವು ಬಾಚಿಹಲ್ಲುಗಳಲ್ಲ, ಬಾಚಿಹಲ್ಲಿನ ರೂಪ ತಾಳಿದ ಕೋರೆಹಲ್ಲುಗಳು. ಜಿರಾಫೆ ಮತ್ತು ಅದರ ನೆಂಟ ಒಕಾಪಿಗಳಲ್ಲಿ ಈ ಕೋರೆಹಲ್ಲಿನ ತಲೆ ಅಗಲವಾಗಿ, ನಡುವೆ ಸೀಳಿ, ಎರಡು ಎಸಳಾಗಿರುತ್ತದೆ. ಜಿಂಕೆಗಳಲ್ಲಿ ಹೀಗಿಲ್ಲ, ದನಗಳಲ್ಲೂ ಇಲ್ಲ. ಕೀನ್ಯಾದ್ದೇ ಆದ ಫೋರ್ಟ್ ಟರ್ನನ್‌ನಲ್ಲಿ ಸಿಕ್ಕ ಕ್ಲೈಮಕೋಸೆರಸ್‌ನ ಇನ್ನೊಂದು ಪ್ರಭೇದಕ್ಕೆ ಇಂಥದೇ ಎರಡೆಸಳಿನ ಹಲ್ಲಿತ್ತು. 1978ರಲ್ಲಿ ಹ್ಯಾಮಿಲ್ಟನ್ ಎಂಬ ತಜ್ಞರು ಅದರ ಆಧಾರದ ಮೇಲೆ ಈ ಕುಲವನ್ನು ಜಿರಾಫೆಗಳ ಬಳಗಕ್ಕೆ ತಂದರು. ಕೊಂಬು, ಹಲ್ಲು ಬೇರೆ ಬೇರೆ ಕಥೆ ಹೇಳಿದರೆ ನಾನು ನಂಬುವುದು ಹಲ್ಲನ್ನು. ಕವಲುಗೊಂಬು ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಮೂಡಿದೆ.

ತೊಂದರೆ ಏನೆಂದರೆ, ದವಡೆಯ ಮುಂತುದಿ ತೆಳು, ಬೇಗ ಮುರಿಯುತ್ತದೆ. ಒಂದೇ ಬೇರಿನ ಹಲ್ಲು ಗೂಡಿನಿಂದ ಕಳಚಿ ಮಣ್ಣಲ್ಲಿ ಸೇರಿಹೋಗುತ್ತದೆ. ಅಗೆದ ಮಣ್ಣನ್ನು ಜರಡಿ ಹಿಡಿಯದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಸಿಕ್ಕರೂ, ಮುದಿ ಪ್ರಾಣಿಯದಾದರೆ ಸೀಳು ಸವೆದು ಮಸುಕಾಗಿರುತ್ತದೆ.

ಎಳೆಯ ಪ್ರಾಣಿಯ ಬುರುಡೆ ಇನ್ನೊಂದು ಬಲೆ. ಈಗಿನ ಜಿರಾಫೆಯ ಕೊಂಬು ಚರ್ಮದಡಿ ಬೇರೆಯದೇ ತುಣುಕಾಗಿ ಹುಟ್ಟಿ, ಆಮೇಲೆ ಬುರುಡೆಗೆ ಬೆಸೆಯುತ್ತದೆ. ಬೆಸೆಯುವ ಮೊದಲೇ ಸತ್ತರೆ ಬುರುಡೆ ಬೋಳಾಗಿಯೇ ಸಿಗಬಹುದು; ಅದನ್ನು ಕೊಂಬಿಲ್ಲದ ಹೊಸ ಪ್ರಾಣಿ ಎಂದು ಬರೆದುಬಿಡಬಾರದು.

ಕನ್ನಡದಲ್ಲಿ ಗೊಂದಲಕ್ಕೆ ಇನ್ನೊಂದು ಕಾರಣ, ಕೃಷ್ಣಮೃಗವನ್ನೂ ನಾವು ಜಿಂಕೆ ಎನ್ನುವುದು. ಅದು ದನದ ಬಳಗದ್ದು: ಮೂಳೆಯ ತಿರುಳಿನ ಮೇಲೆ ಕೊಂಬಿನ ಕವಚ, ಉದುರುವ ಮಾತಿಲ್ಲ. ಆ ಕವಚ ಸಾಮಾನ್ಯವಾಗಿ ಕೊಳೆತುಹೋಗುತ್ತದೆ, ಪಳೆಯುಳಿಕೆಯಲ್ಲಿ ಉಳಿಯುವುದು ತಿರುಳಷ್ಟೇ. ಹಾಗಾಗಿ ಆಫ್ರಿಕದ ಹಳೆಯ ಹುಲ್ಲೆಗಳ ಕೊಂಬು ಬದುಕಿದ್ದಾಗ ಈಗ ಕಾಣುವುದಕ್ಕಿಂತ ಉದ್ದವಿತ್ತು.