ಫ್ರೆಂಚ್ ಬ್ರಾಂದಿ ಅಂದ್ರೆ ರಾಜಮನೆತನದವರದ್ದೇನಾ?

ವೈನ್, ಬ್ರಾಂದಿ ಹೇಗೆ ತಯಾರಾಗುತ್ತವೆ ಅಂತ ಬರೆಯಲು ಶುರು ಮಾಡಿದಾಗಿನಿಂದ ಕಂಡಕಂಡವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಆ ಫ್ರೆಂಚ್ ಬ್ರಾಂದಿ ಎಸ್ಟೇಟುಗಳೆಲ್ಲ ತಲೆಮಾರುಗಳಿಂದ ಸಿರಿವಂತರಾದವರದ್ದೇ ಅಲ್ವಾ? ಅವರಿಗೇನು ಕಷ್ಟ?"

ಅವರಿಗೆಲ್ಲ ನಾನು ತಾರಿಕೆ ಎಸ್ಟೇಟಿನ ಕಥೆ ಹೇಳುತ್ತೇನೆ.

ಅದು ಇರುವುದು ಫ್ರಾನ್ಸಿನ ನೈಋತ್ಯ ಮೂಲೆಯ ಗ್ಯಾಸ್ಕನಿಯಲ್ಲಿ, ಎಓಜ್ ಊರಿನ ಹತ್ತಿರ. ಆ ಸೀಮೆಯ ಬ್ರಾಂದಿಗೆ ಅರ್ಮಾನ್ಯಾಕ್ ಅಂತ ಹೆಸರು. ಹೊರಗಿನಿಂದ ನೋಡಿದರೆ ನೀವು ಅಂದುಕೊಂಡ ಹಾಗೇ ಇದೆ, 1683ರ ದೊಡ್ಡ ಬಂಗಲೆ. ಆದರೆ 1912ರಲ್ಲಿ ಅದನ್ನು ಕೊಂಡವರು ಕರಡಿ ಆಡಿಸುವವರು.

ಹೌದು, ಕರಡಿ. ನಮ್ಮ ಬೀದಿಗಳಿಗೂ ಹಿಂದೆ ಬರ್ತಿದ್ದರಲ್ಲ, ಹಾಗೇ. ಪಿರನೀಸ್ ಬೆಟ್ಟಸಾಲಿನ ಎರ್ಸೆ ಎಂಬ ಹಳ್ಳಿಯಲ್ಲಿ ಇದೇ ಕಸುಬು. ಮರಿ ತಂದು ಪಳಗಿಸಿ, ಅದರ ಜೊತೆ ಊರೂರು ಅಲೆಯುತ್ತಿದ್ದರು. ಸಮುದ್ರ ದಾಟಿ ಅಮೆರಿಕಕ್ಕೂ ಹೋದರು. ಆಮೇಲೆ ಆ ಹಳ್ಳಿಯ ಎಷ್ಟೋ ಜನ ನ್ಯೂಯಾರ್ಕಿನ ಹೋಟೆಲುಗಳಲ್ಲಿ ಕೆಲಸಕ್ಕೆ ಸೇರಿಕೊಂಡರು. ಸೆಂಟ್ರಲ್ ಪಾರ್ಕಿನ ಒಂದು ಬಂಡೆಯೇ ಅವರ ಅರಳಿಕಟ್ಟೆ. ಊರಿನವರು ಅಲ್ಲಿ ಸೇರಿ ಸೇರಿ ಅದಕ್ಕೆ ಎರ್ಸೆ ಬಂಡೆ ಅಂತಲೇ ಹೆಸರು ಬಿತ್ತು.

ಆರ್ತೋ ಮನೆತನದ ಹಿರಿಯರೊಬ್ಬರು ಇದೇ ಕಸುಬಿನವರು. ತಾರಿಕೆಗೆ ಮನಸೋತು, ನ್ಯೂಯಾರ್ಕಿನಲ್ಲಿದ್ದ ಮಗನ ನೆರವು ಪಡೆದು ಕೊಂಡೇಬಿಟ್ಟರು. ಕೊಂಡಾಗ ತೋಟ ಅನ್ನುವಂಥದ್ದೇನೂ ಉಳಿದಿರಲಿಲ್ಲ. ಫಿಲಾಕ್ಸೆರಾ ಎಂಬ ಸಣ್ಣ ಹುಳು ಬಳ್ಳಿಯ ಬೇರು ಹೀರಿ ಹೀರಿ ಇಡೀ ಫ್ರಾನ್ಸಿನ ದ್ರಾಕ್ಷಿಯನ್ನು ಹಾಳು ಮಾಡಿತ್ತು. ಅದರ ಬೆನ್ನಲ್ಲೇ ಮೊದಲ ಮಹಾಯುದ್ಧ. ಮುಂದೆ ಆ ಮನೆಯ ಎಲೆನ್ ಅವರು ಪಿಯೆರ್ ಗ್ರಾಸ್ಸಾ ಅವರನ್ನು ಮದುವೆಯಾದರು. ಇವತ್ತಿಗೂ ಎಸ್ಟೇಟ್ ಗ್ರಾಸ್ಸಾ ಕುಟುಂಬದ್ದೇ.

"ಅವರಿಗೇನು ಕಷ್ಟ" ಅನ್ನುವವರು ಅರ್ಮಾನ್ಯಾಕ್ ಹೇಗಾಗುತ್ತೆ ಅಂತ ಒಮ್ಮೆ ನೋಡಬೇಕು. ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ದು ವೈನ್ ಮಾಡುತ್ತಾರೆ. ತೆಳ್ಳಗೆ, ಹುಳಿ ಹುಳಿಯಾಗಿರುತ್ತೆ. ಚಳಿಗಾಲದಲ್ಲಿ ಅದನ್ನು ಭಟ್ಟಿ ಇಳಿಸಬೇಕು. ತಾರಿಕೆಯಲ್ಲಿ ತಾಮ್ರದ ಭಟ್ಟಿಗೆ ಈಗಲೂ ಸೌದೆ ಒಲೆ. ಉರಿ ಜಾಸ್ತಿಯೂ ಆಗಬಾರದು, ಕಡಿಮೆಯೂ ಆಗಬಾರದು. ರಾತ್ರಿಯೂ ಯಾರಾದರೂ ಎದ್ದಿರಲೇಬೇಕು. ಕೊನೆಗೆ ಸಣ್ಣ ಧಾರೆಯಾಗಿ ಇಳಿಯುವುದು ನೀರಿನಷ್ಟೇ ತಿಳಿ. ಅದಕ್ಕೆ ಬಣ್ಣ ಬರುವುದು ಓಕ್ ಪೀಪಾಯಿಯಲ್ಲಿ, ವರ್ಷಗಟ್ಟಲೆ ಕೂತು. ಅಷ್ಟರಲ್ಲಿ ಪ್ರತಿ ವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತೆ. ಅದನ್ನು ಅಲ್ಲಿನವರು ದೇವತೆಗಳ ಪಾಲು ಅಂತಾರೆ.

ಅಂದರೆ ಇವತ್ತು ದುಡಿದದ್ದಕ್ಕೆ ಹತ್ತು, ಇಪ್ಪತ್ತು ವರ್ಷ ಬಿಟ್ಟು ದುಡ್ಡು. ಅಲ್ಲಿಯವರೆಗೆ ಮನೆ ನಡೆಯೋದು ಹೇಗೆ? ನನ್ನ ಪ್ರಕಾರ ಇಂಥ ಕುಟುಂಬಗಳ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ. ಅರ್ಮಾನ್ಯಾಕ್‌ಗೆ ಗಿರಾಕಿಗಳು ಕಡಿಮೆಯಾದಾಗ ಎಷ್ಟೋ ಮನೆಗಳು ಸೋತವು. ತಾರಿಕೆಯಲ್ಲಿ ಎಲೆನ್ ಮತ್ತು ಪಿಯೆರ್ ಅವರ ಮಕ್ಕಳಾದ ಮೈತೆ ಮತ್ತು ಈವ್ ಬೇರೆ ದಾರಿ ಹುಡುಕಿದರು. ಭಟ್ಟಿಗೆ ಹೋಗುತ್ತಿದ್ದ ಯೂನಿ ಬ್ಲಾಂ, ಕೊಲೊಂಬಾರ್ ದ್ರಾಕ್ಷಿಗಳಿಂದಲೇ 1982ರಲ್ಲಿ ಕುಡಿಯುವ ಬಿಳಿ ವೈನ್ ತಂದರು. ಬ್ರಾಂದಿ ಸೀಮೆಯಲ್ಲಿ ಅದು ಸಣ್ಣ ಧೈರ್ಯವಲ್ಲ. ತಣ್ಣಗಿಟ್ಟು ಹುದುಗಿಸಿದರೆ ಅದೇ ಹುಳಿಯೇ ಬಾಯಿಗೆ ಹಿತವಾಗುತ್ತೆ. ವೈನ್ ಚೆನ್ನಾಗಿ ಓಡಿತು. ಈಗ ಅವರ ತೋಟ ಸಾವಿರ ಹೆಕ್ಟೇರಿಗೂ ಜಾಸ್ತಿ. ಈವ್ ಅವರ ಮಕ್ಕಳಾದ ಆರ್ಮಿನ್ ಮತ್ತು ರೆಮಿ ನೋಡಿಕೊಳ್ಳುತ್ತಿದ್ದಾರೆ.

ಮಾರಾಟದಲ್ಲಿ ಇವತ್ತು ವೈನೇ ಮುಂದು, ಬ್ರಾಂದಿ ಅದರ ಹಿಂದೆ. ಹಾಗಂತ ಭಟ್ಟಿಯ ಒಲೆ ಆರಿಲ್ಲ. ವೈನಿನ ದುಡ್ಡಿನಲ್ಲಿ ಮನೆ ನಡೆಯುತ್ತೆ. ಪೀಪಾಯಿಯನ್ನು ಅವಸರದಲ್ಲಿ ಒಡೆಯಬೇಕಾಗಿಲ್ಲ.